ಹೊರಗೆ ಹೋದಾಗ ಮಗುವಿಗೆ ‘ಒಂದಕ್ಕೆ’ ಬಂದರೆ

ಸಾರ್ವಜನಿಕ ಶೌಚಾಲಯಗಳನ್ನು ಕಟ್ಟುವುದು ದೊಡ್ಡವರ ಅಳತೆಗೆ. ನಾಲ್ಕು ವರ್ಷದ ಮಗುವಿನ ಎತ್ತರ ಹೆಚ್ಚುಕಮ್ಮಿ 100 ಸೆಂಟಿಮೀಟರ್. ಬಾಗಿಲ ಚಿಲಕ ಅದರ ತಲೆಗಿಂತ ಮೇಲಿರುತ್ತದೆ, ಇಲ್ಲವೇ ಕೈಗೆ ಸಿಕ್ಕರೂ ಎಳೆಯಲಾಗದಷ್ಟು ತುಕ್ಕು ಹಿಡಿದಿರುತ್ತದೆ. ಕೈ ತೊಳೆಯುವ ಬೇಸಿನ್ನಿನ ಅಂಚು ಗಲ್ಲದ ಹತ್ತಿರಕ್ಕೆ ಬರುತ್ತದೆ. ಕಮೋಡಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಪಾದ ಊರುವ ಎರಡು ಜಾಗಗಳ ನಡುವಿನ ಅಂತರ ಪುಟ್ಟ ಕಾಲುಗಳಿಗೆ ಮೀರಿದ್ದು. ಬಸ್ ನಿಲ್ದಾಣ, ಜಾತ್ರೆ, ಮೃಗಾಲಯ, ಮಾಲ್, ಮದುವೆಯ ಛತ್ರ, ಹೆದ್ದಾರಿಯ ಹೋಟೆಲ್ ಎಲ್ಲಿಗೆ ಹೋದರೂ ಮಗು ಇಂಥದೇ ಜಾಗಕ್ಕೆ ಕಾಲಿಡಬೇಕು.

ಅಲ್ಲಿ ಎದುರಾಗುವ ಅಪಾಯಗಳು ಎರಡು ಬಗೆಯವು. ಜಾರುವ ನೆಲ, ತುಂಬಿದ ಬಕೆಟ್, ಮೂಲೆಯಲ್ಲಿಟ್ಟ ಆ್ಯಸಿಡ್ ಬಾಟಲಿ, ಬೆರಳು ಜಜ್ಜುವ ಬಾಗಿಲು, ಹೊಟ್ಟೆ ಕೆಡಿಸುವ ರೋಗಾಣುಗಳು ಒಂದು ಬಗೆ. ಮಗು ತಪ್ಪಿಸಿಕೊಳ್ಳುವುದು, ಯಾರಾದರೂ ಅದರೊಡನೆ ಕೆಟ್ಟದಾಗಿ ವರ್ತಿಸುವುದು ಇನ್ನೊಂದು ಬಗೆ. ಹೆತ್ತವರ ಮನಸ್ಸಿನಲ್ಲಿ ದೊಡ್ಡದಾಗಿ ನಿಲ್ಲುವುದು ಎರಡನೆಯದು. ಪ್ರತಿ ಸಲವೂ ಎದುರಾಗುವುದು ಮೊದಲನೆಯದು. ಎರಡಕ್ಕೂ ಬೇಕಾದದ್ದು ಮಾತ್ರ ಒಂದೇ: ಹೊಣೆ ಹೊತ್ತ ದೊಡ್ಡವರೊಬ್ಬರು ಮಗುವಿನ ಕೈಯಳತೆಯಲ್ಲೋ ದನಿಯಳತೆಯಲ್ಲೋ ಇರುವುದು. ಮಗುವನ್ನು ಹೆದರಿಸಿ ಎಚ್ಚರವಾಗಿರು ಎನ್ನುವುದರಿಂದ ಈ ಕೆಲಸ ಆಗುವುದಿಲ್ಲ. ಎಚ್ಚರ ದೊಡ್ಡವರ ಪಾಲಿನದು.

ಮಕ್ಕಳಿಗೆ ಇಷ್ಟು ಅವಸರ ಯಾಕೆ ಎಂಬುದಕ್ಕೆ ದೇಹದಲ್ಲೇ ಕಾರಣವಿದೆ. ಮಗುವಿನ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಎಂದು ಅಂದಾಜಿಸಲು ಮಕ್ಕಳ ವೈದ್ಯರು ಒಂದು ಸುಲಭ ಲೆಕ್ಕ ಬಳಸುತ್ತಾರೆ: ವಯಸ್ಸಿಗೆ ಎರಡು ಸೇರಿಸಿ 30ರಿಂದ ಗುಣಿಸಿದರೆ ಮಿಲಿಲೀಟರಿನಲ್ಲಿ ಉತ್ತರ. ನಾಲ್ಕು ವರ್ಷದ ಮಗುವಿಗೆ ಅದು 180 ಮಿಲಿಲೀಟರ್, ಅಂದರೆ ಒಂದು ಲೋಟಕ್ಕೂ ಕಡಿಮೆ. ದೊಡ್ಡವರ ಮೂತ್ರಕೋಶ ಇದರ ಎರಡು ಪಟ್ಟಿಗೂ ಹೆಚ್ಚು ಹಿಡಿಯುತ್ತದೆ. ಅದೂ ಅಲ್ಲದೆ, ಆಟದಲ್ಲಿ ಮುಳುಗಿದ ಮಗು ಮೊದಲ ಸೂಚನೆಯನ್ನು ಗಮನಿಸುವುದೇ ಇಲ್ಲ. “ಅಮ್ಮಾ, ಒಂದಕ್ಕೆ ಬಂತು” ಎಂದು ಬಾಯಿಬಿಡುವ ಹೊತ್ತಿಗೆ ಉಳಿದಿರುವುದು ಕೆಲವೇ ನಿಮಿಷ. ಬಾಯಿಬಿಡುವ ಮೊದಲೇ ಮೈ ಹೇಳುತ್ತದೆ: ಕಾಲಿಗೆ ಕಾಲು ಹೆಣೆದು ನಿಲ್ಲುವುದು, ನಿಂತಲ್ಲೇ ಕುಣಿಯುವುದು, ಚಡ್ಡಿ ಹಿಡಿದುಕೊಳ್ಳುವುದು, ಇದ್ದಕ್ಕಿದ್ದಂತೆ ಕುಕ್ಕರುಗಾಲಿನಲ್ಲಿ ಕೂತು ಹಿಮ್ಮಡಿಯನ್ನು ಕೆಳಗೆ ಒತ್ತಿಕೊಳ್ಳುವುದು. ಈ ಕೊನೆಯದನ್ನು ಹೆಣ್ಣುಮಕ್ಕಳು ಹೆಚ್ಚಾಗಿ ಮಾಡುತ್ತಾರೆ. ನೋಡುವವರಿಗೆ ಮಗು ಚಪ್ಪಲಿ ಸರಿಮಾಡಿಕೊಳ್ಳುತ್ತಿರುವಂತೆ ಕಾಣುತ್ತದೆ.

ಅಪಾಯಗಳಲ್ಲಿ ಬಹುಪಾಲು ಹುಟ್ಟುವುದು ಅವಸರದಲ್ಲಿ. ಓಡುವಾಗ ಜಾರುವುದು, ಕಂಡ ಬಾಗಿಲಿಗೆ ನುಗ್ಗುವುದು, ಸಿಕ್ಕವರ ಕೈಗೆ ಮಗುವನ್ನು ಒಪ್ಪಿಸುವುದು ಎಲ್ಲವೂ ಆಗಲೇ. ಹಾಗಾಗಿ ಮಗು ಕೇಳುವವರೆಗೆ ಕಾಯದೆ ಎರಡು ಗಂಟೆಗೊಮ್ಮೆ ತಾವೇ ಕರೆದುಕೊಂಡು ಹೋಗುವ ರೂಢಿ ಎಲ್ಲಕ್ಕಿಂತ ಮುಖ್ಯ. ಮನೆಯಿಂದ ಹೊರಡುವ ಮುಂಚೆ, ಊಟಕ್ಕೆ ನಿಲ್ಲಿಸಿದಾಗ, ದೇವಸ್ಥಾನದ ಸರತಿ ಸಾಲಿಗೆ ಸೇರುವ ಮುಂಚೆ, ಸಿನಿಮಾ ಶುರುವಾಗುವ ಮುಂಚೆ ಒಮ್ಮೆ ಹೋಗಿಬರುವುದು. “ನಂಗೆ ಬರ್ತಿಲ್ಲ” ಎಂದರೂ ಸುಮ್ಮನೆ ಕೂತು ನೋಡು ಎಂದರೆ ಸಾಮಾನ್ಯವಾಗಿ ಬರುತ್ತದೆ. ಧರ್ಮಸ್ಥಳದಂಥ ಕಡೆ ದರ್ಶನದ ಸಾಲಿನೊಳಗೆ ಹೊಕ್ಕ ಮೇಲೆ ಹೊರಬರುವುದು ಎಷ್ಟು ಕಷ್ಟ ಎಂಬುದು ಮಕ್ಕಳೊಂದಿಗೆ ಹೋದವರಿಗೆಲ್ಲ ಗೊತ್ತು.

ಇದಕ್ಕೆ ಬದಲಾಗಿ ಅನೇಕ ಮನೆಗಳಲ್ಲಿ ನಡೆಯುವುದು ನೀರು ಕಡಿಮೆ ಕೊಡುವುದು. ದಾರಿಯಲ್ಲಿ ತೊಂದರೆ ಎಂದು ಬೆಳಗಿನಿಂದ ಮಗುವಿಗೆ ಎರಡು ಗುಟುಕಷ್ಟೇ ಕುಡಿಸಿ ಬಸ್ ಹತ್ತಿಸುತ್ತಾರೆ. ಇದು ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಉರಿಯುತ್ತದೆಂದು ಮಗು ಮತ್ತಷ್ಟು ತಡೆಹಿಡಿಯುತ್ತದೆ, ತಡೆಹಿಡಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಮಲ ತಡೆದರೆ ಮಲಬದ್ಧತೆ. ಗಟ್ಟಿಯಾದ ಮಲ ಹೊರಬರುವಾಗ ನೋವಾಗಿ, ಮಗು ಮುಂದಿನ ಸಲ ಇನ್ನೂ ಹೆಚ್ಚು ಹೊತ್ತು ತಡೆಯುತ್ತದೆ. ಊರಿಂದ ಬಂದ ಮೇಲೆ ವಾರಗಟ್ಟಲೆ ಇದನ್ನು ಅನುಭವಿಸುವ ಮಕ್ಕಳಿದ್ದಾರೆ. ಹೊರಗಿನ ಶೌಚಾಲಯ ಎಷ್ಟೇ ಗಲೀಜಾಗಿರಲಿ, ಅದನ್ನು ತಪ್ಪಿಸುವುದಕ್ಕಾಗಿ ಮಗುವಿನ ನೀರಿಗೆ ಕತ್ತರಿ ಹಾಕುವುದು ಪರಿಹಾರವಲ್ಲ.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಎರಡು ಜೊತೆ ಚಡ್ಡಿ, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ, ಸೋಪು ಅಥವಾ ಪೇಪರ್ ಸೋಪು, ಒಂದು ಬಾಟಲಿ ನೀರು, ಒಂದು ಹಳೆಯ ಟವೆಲ್, ಸ್ಯಾನಿಟೈಸರ್. ನಲ್ಲಿಯಲ್ಲಿ ನೀರೇ ಬರದ ಶೌಚಾಲಯಗಳು ಇರುವುದರಿಂದ ಬಾಟಲಿ ನೀರು ಮುಖ್ಯ. ಒಂದಷ್ಟು ಚಿಲ್ಲರೆಯೂ ಬೇಕು: ದುಡ್ಡು ಕೊಟ್ಟು ಹೋಗುವ ಶೌಚಾಲಯದ ಮುಂದೆ ಐದು ರೂಪಾಯಿಗೆ ಪರ್ಸು ತಡಕುವ ಅಥವಾ ಮೊಬೈಲಿನಲ್ಲಿ ಹಣ ಕಳಿಸುವ ಆ ಅರ್ಧ ನಿಮಿಷದಲ್ಲಿ ಮಗು ಕೈಬಿಡಿಸಿಕೊಂಡು ಒಳಗೆ ಓಡಿರುತ್ತದೆ. ಬಟ್ಟೆಯ ವಿಷಯವೂ ಇದರ ಜೊತೆಗೇ ಬರುತ್ತದೆ. ಬಿಗಿ ಬೆಲ್ಟು, ಹಿಂದೆ ಗುಂಡಿಯಿರುವ ಫ್ರಾಕು, ನೆಲಕ್ಕೆ ತಾಗುವ ರೇಷ್ಮೆ ಲಂಗ ತೊಟ್ಟ ಮಗುವಿಗೆ ಶೌಚಾಲಯದೊಳಗೆ ತಾನಾಗಿ ಏನೂ ಮಾಡಲಾಗದು. ಎಲಾಸ್ಟಿಕ್ ಚಡ್ಡಿ ಪಯಣಕ್ಕೆ ಒಳ್ಳೆಯದು. ಕಾಲಲ್ಲಿ ಹಿಂಬದಿಗೆ ಪಟ್ಟಿಯಿರುವ, ಅಡಿ ಸವೆಯದ ಚಪ್ಪಲಿ ಇರಲಿ. ದೇವಸ್ಥಾನಗಳಲ್ಲಿ ಚಪ್ಪಲಿ ಬಿಟ್ಟು ಬಂದ ಮಕ್ಕಳನ್ನು ಬರಿಗಾಲಲ್ಲೇ ಶೌಚಾಲಯಕ್ಕೆ ಕಳಿಸುವುದುಂಟು; ಹಾಗೆ ಮಾಡಬಾರದು.

ಎಂಥ ಶೌಚಾಲಯ ಆರಿಸಿಕೊಳ್ಳಬೇಕು? ಜನ ಓಡಾಡುವ, ಬೆಳಕಿರುವ, ಬಾಗಿಲಲ್ಲಿ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿರುವ ಜಾಗ ಒಳ್ಳೆಯದು. ಬಿಂದೇಶ್ವರ ಪಾಠಕ್ 1970ರಲ್ಲಿ ಬಿಹಾರದಲ್ಲಿ ಶುರುಮಾಡಿದ ಸುಲಭ್ ಸಂಸ್ಥೆ ದುಡ್ಡು ಕೊಟ್ಟು ಬಳಸುವ ಶೌಚಾಲಯಗಳನ್ನು ದೇಶದಲ್ಲೆಲ್ಲ ಹರಡಿತು. ಇಂಥ ಕಡೆ ದುಡ್ಡು ತೆಗೆದುಕೊಳ್ಳುವವರು ಕಾವಲಿಗೂ ಒದಗುತ್ತಾರೆ. ಯಾರು ಒಳಗೆ ಹೋದರು, ಎಷ್ಟು ಹೊತ್ತಿನಿಂದ ಹೊರಬಂದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಹೋಟೆಲಿನಲ್ಲಿ ಶೌಚಾಲಯ ಹಿತ್ತಿಲ ಕಡೆ, ಅಡುಗೆಮನೆಯನ್ನು ಬಳಸಿಕೊಂಡು ಹೋಗುವ ಕತ್ತಲ ಓಣಿಯ ತುದಿಯಲ್ಲಿದ್ದರೆ ಮಗುವನ್ನು ಒಂಟಿಯಾಗಿ ಕಳಿಸುವ ಮಾತೇ ಬೇಡ. ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕುಗಳಲ್ಲೂ ಶೌಚಾಲಯ ಇರುತ್ತದೆ, ಆದರೆ ಸಾಮಾನ್ಯವಾಗಿ ಕಟ್ಟಡದ ಹಿಂದೆ. ಅಲ್ಲಿಗೆ ಹೋಗುವ ದಾರಿ ಲಾರಿಗಳು ತಿರುಗುವ ಜಾಗವನ್ನು ಹಾದು ಹೋಗುತ್ತದೆ. ಏನೂ ಸಿಗದೆ ರಸ್ತೆ ಬದಿಯಲ್ಲೇ ಕೂರಿಸಬೇಕಾದರೆ ಕಾರನ್ನು ಪೂರ್ತಿ ಎಡಕ್ಕೆ ತೆಗೆದು, ಮಗುವನ್ನು ಎಡಗಡೆಯ ಬಾಗಿಲಿಂದಲೇ ಇಳಿಸಿ, ರಸ್ತೆಗೂ ಮಗುವಿಗೂ ನಡುವೆ ಕಾರು ಇರುವಂತೆ ನೋಡಿಕೊಳ್ಳಬೇಕು. ಪೊದೆಯ ಒಳಗೆ ಕಳಿಸಬಾರದು, ಹಾವಿನ ಭಯವಿದೆ.

ಇನ್ನು ಯಾರು ಯಾರೊಂದಿಗೆ ಹೋಗಬೇಕು ಎಂಬ ಪ್ರಶ್ನೆ. ತಾಯಿ ಮಗಳೊಂದಿಗೆ, ತಂದೆ ಮಗನೊಂದಿಗೆ ಇದ್ದಾಗ ತೊಡಕಿಲ್ಲ. ತಾಯಿಯೊಬ್ಬಳೇ ಮಗನೊಂದಿಗೆ ಇದ್ದರೆ ಆರು-ಏಳು ವರ್ಷದವರೆಗೆ ಅವನನ್ನು ಹೆಂಗಸರ ಶೌಚಾಲಯಕ್ಕೆ ಕರೆದೊಯ್ಯುವುದು ನಮ್ಮಲ್ಲಿ ಎಲ್ಲರೂ ಒಪ್ಪಿದ ರೂಢಿ. “ಇಷ್ಟು ದೊಡ್ಡ ಹುಡುಗನನ್ನ ಯಾಕಮ್ಮ ಇಲ್ಲಿಗೆ ಕರ್ಕೊಂಡು ಬಂದ್ರಿ?” ಎಂದು ಯಾರಾದರೂ ಕೇಳಿದರೂ ಅಳುಕಬೇಕಿಲ್ಲ, ಮಗುವಿನ ಸುರಕ್ಷೆಯ ಮುಂದೆ ಆ ಒಂದು ಮಾತು ದೊಡ್ಡದಲ್ಲ. ಬಾಗಿಲು ಹಾಕಿದ ಕೋಣೆಗೆ ನೇರ ಕರೆದುಕೊಂಡು ಹೋಗಿ ನೇರ ಹೊರಗೆ ಬಂದರೆ ಒಳಗಿರುವ ಹೆಂಗಸರಿಗೂ ಮುಜುಗರವಾಗದು.

ಎಂಟು ವರ್ಷ ದಾಟಿದ ಹುಡುಗ ಗಂಡಸರ ಶೌಚಾಲಯಕ್ಕೇ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ಅದು ಸಹಜ. ಆಗ ತಾಯಿ ಮಾಡಬಹುದಾದದ್ದು ಬಹಳ ಇದೆ. ಮೊದಲು ಆ ಶೌಚಾಲಯಕ್ಕೆ ಬಾಗಿಲು ಒಂದೇ ಇದೆಯೇ ನೋಡಬೇಕು. ಇನ್ನೊಂದು ಕಡೆಯಿಂದಲೂ ದಾರಿಯಿದ್ದರೆ ಅಲ್ಲಿಗೆ ಕಳಿಸಬಾರದು. ಬಾಗಿಲಲ್ಲಿ ಕೂತವರಿಗೆ “ನನ್ನ ಮಗ ಒಳಗೆ ಹೋಗ್ತಿದ್ದಾನೆ, ನಾನಿಲ್ಲೇ ನಿಂತಿರ್ತೀನಿ” ಎಂದು ಒಳಗಿರುವವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕು. ಸಾಲಾಗಿ ನಿಲ್ಲುವ ಮೂತ್ರದ ತೊಟ್ಟಿಗಳ ಬಳಿಗೆ ಹೋಗದೆ ಬಾಗಿಲಿರುವ ಕೋಣೆಗೇ ಹೋಗು ಎಂದು ಹುಡುಗನಿಗೆ ಹೇಳಿರಬೇಕು. ಹೊರಗೆ ನಿಂತು ಮಾತು ಮುಂದುವರಿಸಬೇಕು: “ಆಯ್ತೇನೋ ಪುಟ್ಟ?” “ಇನ್ನೂ ಇಲ್ಲಮ್ಮ.” ಆ ದನಿ ಬರುತ್ತಿರುವವರೆಗೆ ಎಲ್ಲ ಸರಿಯಿದೆ. ಎರಡು ಸಲ ಕೂಗಿದರೂ ಉತ್ತರ ಬರದಿದ್ದರೆ ನಾಚಿಕೆಗೆ ಅಲ್ಲಿ ಜಾಗವಿಲ್ಲ. “ಮಗು ಒಳಗಿದೆ, ಬರ್ತಾ ಇದ್ದೀನಿ” ಎಂದು ಕೂಗಿ ಒಳಗೆ ನುಗ್ಗಬೇಕು. ಹೊರಗೆ ನಿಂತು ಮೊಬೈಲ್ ನೋಡುತ್ತ ಮೈಮರೆಯುವುದು ಇಡೀ ಏರ್ಪಾಟನ್ನೇ ಹಾಳುಮಾಡುತ್ತದೆ.

ತಂದೆಯೊಬ್ಬನೇ ಮಗಳೊಂದಿಗೆ ಇದ್ದಾಗ ಕಷ್ಟ ಹೆಚ್ಚು, ಅದರ ಬಗ್ಗೆ ಮಾತಾಡುವವರು ಕಡಿಮೆ. ನಾಲ್ಕೈದು ವರ್ಷದ ಮಗಳನ್ನು ಗಂಡಸರ ಶೌಚಾಲಯಕ್ಕೆ ಕರೆದೊಯ್ಯಲು ಮನಸ್ಸು ಒಪ್ಪುವುದಿಲ್ಲ, ಹೆಂಗಸರ ಕಡೆಗೆ ಗಂಡಸು ಹೋಗುವಂತಿಲ್ಲ. ಮಾಲು, ವಿಮಾನ ನಿಲ್ದಾಣ, ದೊಡ್ಡ ಆಸ್ಪತ್ರೆಗಳಲ್ಲಿ ಗಾಲಿಕುರ್ಚಿಯ ಗುರುತಿರುವ ಪ್ರತ್ಯೇಕ ಶೌಚಾಲಯ ಇರುತ್ತದೆ. ಅದು ಅನೇಕ ಕಡೆ ಗಂಡು ಹೆಣ್ಣು ಎಂಬ ಭೇದವಿಲ್ಲದ, ಅಗಲ ಬಾಗಿಲಿನ ಒಂಟಿ ಕೋಣೆ. ಅಂಗವಿಕಲರು ಯಾರೂ ಕಾಯುತ್ತಿಲ್ಲದಾಗ ಅದನ್ನು ಬಳಸಿಕೊಳ್ಳಬಹುದು. ಅದಿಲ್ಲದ ಕಡೆ ಮಗಳನ್ನು ಎತ್ತಿಕೊಂಡು, ಮುಖವನ್ನು ಹೆಗಲಿಗೆ ಒರಗಿಸಿಕೊಂಡು, ಗಂಡಸರ ಶೌಚಾಲಯದ ಬಾಗಿಲಿರುವ ಕೋಣೆಗೆ ನೇರ ಹೋಗುವುದೇ ಸರಿ. ಮಗಳು ಸ್ವಲ್ಪ ದೊಡ್ಡವಳಾಗಿದ್ದರೆ ಹೆಂಗಸರ ಶೌಚಾಲಯ ನೋಡಿಕೊಳ್ಳುವಾಕೆಯನ್ನೋ, ತನ್ನ ಮಕ್ಕಳನ್ನು ಕರೆತಂದ ತಾಯಿಯನ್ನೋ ಕೇಳಿಕೊಂಡು ತಂದೆ ಬಾಗಿಲಲ್ಲೇ ನಿಂತು ಮಾತಾಡುತ್ತಿರಬಹುದು.

ಹಾಗಿದ್ದರೆ ದೊಡ್ಡವರಿಗೇ ಶೌಚಾಲಯಕ್ಕೆ ಹೋಗಬೇಕಾದಾಗ? ಒಬ್ಬರೇ ಮಗುವಿನೊಂದಿಗೆ ಪಯಣಿಸುವವರು ಎಡವುವುದು ಇಲ್ಲಿಯೇ. ಪಕ್ಕದ ಸೀಟಿನವರಿಗೆ “ಸ್ವಲ್ಪ ನೋಡ್ಕೊಳ್ಳಿ” ಎಂದು ಹೇಳಿ ಹೋಗುವುದು ನಮ್ಮಲ್ಲಿ ತೀರ ಸಾಮಾನ್ಯ. ಹೆಚ್ಚಿನವರು ಒಳ್ಳೆಯವರೇ ಆಗಿರುತ್ತಾರೆ, ಆದರೆ ಮಗು ಅಮ್ಮನನ್ನು ಹುಡುಕಿಕೊಂಡು ಎದ್ದು ಹೊರಟರೆ ಅವರು ಹಿಂದೆ ಓಡುತ್ತಾರೆಂಬ ಭರವಸೆಯಿಲ್ಲ. ಮಗುವನ್ನು ಜೊತೆಗೇ ಕೋಣೆಯೊಳಗೆ ಕರೆದುಕೊಂಡು ಚಿಲಕ ಹಾಕಿಕೊಳ್ಳುವುದೇ ಕ್ಷೇಮ. ಒಂಬತ್ತು-ಹತ್ತು ವರ್ಷದ ಅಕ್ಕನಿಗೋ ಅಣ್ಣನಿಗೋ “ತಮ್ಮನ್ನ ಕರ್ಕೊಂಡು ಹೋಗಿ ಬಾ” ಎಂದು ಒಪ್ಪಿಸುವುದೂ ಸರಿಯಲ್ಲ. ಆ ಮಗುವೂ ಮಗುವೇ.

ಒಳಗೆ ಕಾಲಿಟ್ಟ ಮೇಲೆ ಮೊದಲು ದೊಡ್ಡವರು ಕೋಣೆಯನ್ನು ನೋಡಬೇಕು. ನೆಲ ಪಾಚಿಗಟ್ಟಿದೆಯೇ, ಸೋಪಿನ ನೀರು ಹರಡಿದೆಯೇ, ಹಳ್ಳಿಗಾಡಿನಲ್ಲಾದರೆ ಮೂಲೆಯಲ್ಲಿ ಚೇಳು ಹಾವು ಇವೆಯೇ. ನಮ್ಮ ಶೌಚಾಲಯಗಳ ವಿಶೇಷ ಅಪಾಯವೊಂದಿದೆ: ನೀರು ತುಂಬಿಟ್ಟ ಬಕೆಟ್, ಡ್ರಮ್ಮು, ಸಿಮೆಂಟ್ ತೊಟ್ಟಿ. ಎರಡು ವರ್ಷದೊಳಗಿನ ಮಕ್ಕಳ ತಲೆಯ ಭಾರ ಮೈಗೆ ಹೋಲಿಸಿದರೆ ಹೆಚ್ಚು. ನೀರಾಡಲು ಬಗ್ಗಿ ಮುಗ್ಗರಿಸಿದರೆ ತಾವಾಗಿ ಮೇಲೇಳಲಾರವು. ಮುಳುಗಲು ಕೆಲವೇ ಅಂಗುಲ ನೀರು ಸಾಕು, ಮುಳುಗುವ ಮಗು ಸದ್ದನ್ನೂ ಮಾಡುವುದಿಲ್ಲ. ಹೊಸದಾಗಿ ನಡೆಯಲು ಕಲಿತ ಮಗುವನ್ನು ಕೋಣೆಯಲ್ಲಿ ಬಿಟ್ಟು, ದೊಡ್ಡ ಮಗುವಿನ ಬಟ್ಟೆ ಸರಿಮಾಡಲು ಬೆನ್ನು ತಿರುಗಿಸಿದರೂ ಅಪಾಯ.

ಇನ್ನೊಂದು ಅಪಾಯ ಮೂಲೆಯಲ್ಲಿಟ್ಟ ಬಾಟಲಿ. ತೊಳೆಯಲು ಬಳಸುವ ಆ್ಯಸಿಡ್ ಮತ್ತು ಫಿನಾಯಿಲನ್ನು ಅನೇಕ ಕಡೆ ಹಳೆಯ ನೀರಿನ ಬಾಟಲಿಯಲ್ಲೋ ತಂಪುಪಾನೀಯದ ಬಾಟಲಿಯಲ್ಲೋ ತುಂಬಿ, ಮಗುವಿನ ಕೈಗೆ ಸಿಗುವಂತೆ ನೆಲದಲ್ಲೇ ಇಟ್ಟಿರುತ್ತಾರೆ. ಬಾಯಾರಿದ ಮಗುವಿಗೆ ಅದು ಕುಡಿಯುವ ಬಾಟಲಿಯೇ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲೇಬಾರದು: ಇಳಿಯುವಾಗ ಅನ್ನನಾಳ ಸುಟ್ಟ ಆ್ಯಸಿಡ್ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಉಪ್ಪುನೀರು, ಮೊಟ್ಟೆ ಎಂದು ಏನನ್ನೂ ಕುಡಿಸದೆ, ತುಟಿ ಬಾಯಿ ಒರೆಸಿ, ಆ ಬಾಟಲಿಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು.

ಬಾಗಿಲ ವಿಚಾರದಲ್ಲಿ ಎರಡು ಮಾತು. ಏಳೆಂಟು ವರ್ಷದವರೆಗಿನ ಮಗು ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ. ಹಾಕಿದ್ದನ್ನು ತೆಗೆಯಲಾಗದೆ ಒಳಗೇ ಸಿಕ್ಕಿಕೊಳ್ಳುತ್ತದೆ, ಗಾಬರಿಯಲ್ಲಿ ಅಳುತ್ತ ಜಾರಿಬೀಳುತ್ತದೆ. ದೊಡ್ಡವರು ಹೊರಗಿನಿಂದ ಬಾಗಿಲು ಹಿಡಿದು ನಿಂತರೆ ಸಾಕು. ಎರಡನೆಯದು ಬೆರಳು. ಬಾಗಿಲಿಗೂ ಚೌಕಟ್ಟಿಗೂ ನಡುವೆ, ಕೀಲಿನ ಬದಿಯ ಸಂದಿಯಲ್ಲಿ ಬೆರಳು ಸಿಕ್ಕಿ ಜಜ್ಜುವುದು ಪುಟ್ಟ ಮಕ್ಕಳಲ್ಲಿ ಬಹಳ ಸಾಮಾನ್ಯ. “ಕೈ ಎಲ್ಲಿದೆ ತೋರಿಸು” ಎಂದು ಕೇಳಿದ ಮೇಲೆಯೇ ಬಾಗಿಲು ಹಾಕುವ ಅಭ್ಯಾಸ ಒಳ್ಳೆಯದು. ಬೆರಳ ತುದಿ ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ಒಯ್ಯಬೇಕು. ತುಂಡನ್ನು ನೇರ ಐಸಿಗೆ ಹಾಕಬಾರದು.

ಕಮೋಡಿನ ಮೇಲೆ ಕೂರಿಸುವಾಗ ಪುಟ್ಟ ಮಗು ಒಳಕ್ಕೆ ಕುಸಿಯದಂತೆ ಕಂಕುಳ ಕೆಳಗೆ ಹಿಡಿದಿರಬೇಕು. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಎದುರು ನಿಂತು ಎರಡೂ ಕೈ ಹಿಡಿದುಕೊಂಡರೆ ಮಗು ಹಿಂದಕ್ಕೆ ಬೀಳದು. ತೊಳೆಯುವ ನೀರನ್ನು ಮೊದಲು ತಮ್ಮ ಕೈಮೇಲೆ ಹಾಕಿ ನೋಡಬೇಕು. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ತಾರಸಿಯ ಟ್ಯಾಂಕಿನಿಂದ ಬರುವ ನೀರು ಎಳೆಯ ಚರ್ಮಕ್ಕೆ ತಾಳಲಾಗದಷ್ಟು ಕಾದಿರುತ್ತದೆ. ಪಿಚಕಾರಿ ನಲ್ಲಿಯ ರಭಸವೂ ಕೆಲವೊಮ್ಮೆ ನೋವುಮಾಡುತ್ತದೆ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೇ ತೊಳೆಯಬೇಕು.

ಮಾಲುಗಳ ಹೊಸ ಶೌಚಾಲಯಗಳಲ್ಲಿ ಮಕ್ಕಳು ಹೆದರುವುದು ಸದ್ದಿಗೆ. ಕೂತಿರುವಾಗಲೇ ತಾನಾಗಿ ಫ್ಲಶ್ ಆಗಿಬಿಟ್ಟರೆ ಮಗು ಮುಂದಿನ ಸಲ ಕೂರಲು ಒಪ್ಪುವುದಿಲ್ಲ. ಆ ಸೆನ್ಸರಿನ ಕಣ್ಣಿಗೆ ಒಂದು ತುಂಡು ಕಾಗದ ಅಂಟಿಸಿದರೆ ಅಥವಾ ಕೈ ಅಡ್ಡ ಹಿಡಿದರೆ ನಿಲ್ಲುತ್ತದೆ. ಕೈ ಒಣಗಿಸುವ ಯಂತ್ರದ ಬಗ್ಗೆ ಕೆನಡಾದ ಹುಡುಗಿ ನೋರಾ ಕೀಗನ್ ನಡೆಸಿದ ಅಧ್ಯಯನ 2019ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಆಗ ಅವಳಿಗೆ 13 ವರ್ಷ. ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದಾಗ ಕೆಲವು ಯಂತ್ರಗಳ ಸದ್ದು 100 ಡೆಸಿಬಲ್ ಮೀರುತ್ತದೆ ಎಂದು ಅವಳು ತೋರಿಸಿದಳು. ಮಕ್ಕಳು ಕಿವಿ ಮುಚ್ಚಿಕೊಂಡು ಓಡುವುದು ಹಟವಲ್ಲ, ಅವರಿಗೆ ನಿಜಕ್ಕೂ ನೋವಾಗುತ್ತದೆ. ಟವೆಲ್ ಚೀಲದಲ್ಲಿರಲಿ ಎಂದದ್ದು ಇದಕ್ಕಾಗಿಯೂ ಹೌದು.

ರೋಗದ ವಿಚಾರದಲ್ಲಿ ಜನರ ಭಯವೆಲ್ಲ ಕಮೋಡಿನ ಸೀಟಿನ ಮೇಲೆ. ಸೀಟಿಗೆ ತೊಡೆ ತಾಗುವುದರಿಂದ ರೋಗ ಬರುವ ಸಾಧ್ಯತೆ ತೀರ ಕಡಿಮೆ. ರೋಟಾವೈರಸ್, ಹೆಪಟೈಟಿಸ್ ಎ, ಆಮಶಂಕೆಯ ರೋಗಾಣು, ಜಂತುಹುಳುವಿನ ಮೊಟ್ಟೆ ಎಲ್ಲವೂ ಮೈ ಸೇರುವುದು ಕೈಯಿಂದ ಬಾಯಿಗೆ. ಚಿಲಕ, ನಲ್ಲಿಯ ತಿರುಪು, ಮಗ್ಗಿನ ಹಿಡಿ, ಫ್ಲಶ್ ಗುಂಡಿ ಮುಟ್ಟಿದ ಕೈಯಲ್ಲೇ ಮಗು ಹೊರಗೆ ಬಂದು ಚುರುಮುರಿ ತಿನ್ನುತ್ತದೆ. ಹಾಗಾಗಿ ಸೀಟು ಒರೆಸುವುದಕ್ಕಿಂತ ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಸುವುದು ಹೆಚ್ಚು ಮುಖ್ಯ. ಸ್ಯಾನಿಟೈಸರಿನಲ್ಲಿ ಕನಿಷ್ಠ ಶೇ 60 ಆಲ್ಕೊಹಾಲ್ ಇರಬೇಕು. ಇದ್ದರೂ ಕಣ್ಣಿಗೆ ಕಾಣುವ ಕೊಳೆ ಮೆತ್ತಿದ ಕೈಗೆ ಅದು ಸಾಲದು, ವಾಂತಿಭೇದಿ ತರುವ ನೊರೊವೈರಸ್ಸಿನ ಮೇಲೂ ಅದರ ಆಟ ಹೆಚ್ಚು ನಡೆಯದು. ಹಸುಳೆಗಳಿಗೆ ಒಂದೂವರೆ ತಿಂಗಳಿಂದ ಹಾಕುವ ರೋಟಾವೈರಸ್ ಲಸಿಕೆ 2016ರಿಂದ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿದೆ, ಅದನ್ನು ತಪ್ಪಿಸಬಾರದು.

ರೈಲಿನ ಶೌಚಾಲಯಕ್ಕೆ ಬೇರೆಯೇ ಎಚ್ಚರ ಬೇಕು. ಅದು ಇರುವುದು ಬೋಗಿಯ ತುದಿಯಲ್ಲಿ, ಹತ್ತಿಳಿಯುವ ಬಾಗಿಲಿನ ಪಕ್ಕದಲ್ಲೇ. ಸ್ಲೀಪರ್ ಬೋಗಿಗಳಲ್ಲಿ ಗಾಳಿಗೆಂದು ಆ ಬಾಗಿಲನ್ನು ತೆರೆದಿಟ್ಟು ಜನ ಅಲ್ಲೇ ಕೂತಿರುತ್ತಾರೆ. ಶೌಚಾಲಯದಿಂದ ಹೊರಬಂದ ಮಗುವಿಗೂ ಓಡುತ್ತಿರುವ ರೈಲಿನ ತೆರೆದ ಬಾಗಿಲಿಗೂ ನಡುವೆ ಒಂದೆರಡು ಹೆಜ್ಜೆ, ಕಾಲ ಕೆಳಗೆ ಒದ್ದೆ ನೆಲ, ಜೊತೆಗೆ ಬೋಗಿಯ ಕುಲುಕಾಟ. ರೈಲಿನಲ್ಲಿ ಹತ್ತು ವರ್ಷದ ಮಗುವನ್ನೂ ಒಂಟಿಯಾಗಿ ಕಳಿಸಬಾರದು. ರಾತ್ರಿ ಹೊತ್ತಂತೂ ಕೈ ಹಿಡಿದೇ ಹೋಗಬೇಕು. ಬಸ್ಸಿನದು ಇನ್ನೊಂದು ಬಗೆ. “ಹತ್ತೇ ನಿಮಿಷ, ಬೇಗ ಬನ್ನಿ” ಎಂದು ಕಂಡಕ್ಟರ್ ಕೂಗಿದ ಕೂಡಲೇ ಎಲ್ಲರೂ ಧಾವಿಸುತ್ತಾರೆ. ಇಳಿಯುವಾಗ ಬಸ್ಸಿನ ನಂಬರ್ ನೋಡಿಕೊಂಡು, ಮಗುವನ್ನು ಕರೆದೊಯ್ಯುತ್ತಿರುವುದಾಗಿ ಕಂಡಕ್ಟರಿಗೆ ತಿಳಿಸಿದರೆ ಅವಸರ ಅರ್ಧ ಇಳಿಯುತ್ತದೆ. ನಿಲ್ದಾಣದಲ್ಲಿ ಹಿಂದಕ್ಕೆ ಬರುವ ಬಸ್ಸಿನ ಚಾಲಕನಿಗೆ ಪುಟ್ಟ ಮಗು ಕನ್ನಡಿಯಲ್ಲಿ ಕಾಣುವುದೇ ಇಲ್ಲ. ನಿಂತ ಬಸ್ಸುಗಳ ಸಂದಿಯಲ್ಲಿ ನುಸುಳುವ ಬದಲು ಪ್ಲಾಟ್‌ಫಾರ್ಮಿನ ಮೇಲೆಯೇ ಸುತ್ತಿ ಹೋಗಬೇಕು. ಶಾಲೆಯ ಪ್ರವಾಸಗಳಲ್ಲಿ ಮಕ್ಕಳನ್ನು ಜೋಡಿ ಜೋಡಿಯಾಗಿ ಕಳಿಸಿ, ಒಬ್ಬ ಶಿಕ್ಷಕಿ ಮೊದಲೇ ಒಳಗೆ ನೋಡಿ ಬಂದು, ಇನ್ನೊಬ್ಬರು ಬಾಗಿಲಲ್ಲಿ ನಿಂತು, ಬಸ್ ಹತ್ತಿಸುವ ಮುಂಚೆ ಎಣಿಸಿಕೊಳ್ಳುವುದು ಒಳ್ಳೆಯ ಕ್ರಮ.

ಜನರಿಂದ ಬರುವ ಅಪಾಯದ ಬಗ್ಗೆ ನಿಜಾಂಶ ತಿಳಿದಿರಬೇಕು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಅವರಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಗಂಡುಮಕ್ಕಳೂ ಹೆಣ್ಣುಮಕ್ಕಳಷ್ಟೇ ಇದಕ್ಕೆ ಸಿಕ್ಕಿದ್ದರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳ ಪ್ರಕಾರ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರು. ಅಂದರೆ ‘ಅಪರಿಚಿತರನ್ನು ನಂಬಬೇಡ’ ಎಂಬ ಒಂದೇ ಪಾಠ ಸಾಲದು. ಮದುವೆ ಮನೆಯಲ್ಲಿ “ನಾನು ಕರ್ಕೊಂಡು ಹೋಗ್ತೀನಿ ಬಿಡಿ” ಎಂದು ಮುಂದೆ ಬರುವ ದೂರದ ನೆಂಟರ ವಿಷಯದಲ್ಲೂ ಮಗುವಿನ ಇಷ್ಟ ಕೇಳಬೇಕು, ಅದು ಒಲ್ಲೆ ಎಂದರೆ ಬಲವಂತ ಮಾಡಬಾರದು.

ಮಗುವಿಗೆ ಹೇಳಿಕೊಡುವ ಮಾತು ಚಿಕ್ಕದಾಗಿರಬೇಕು, ಸ್ನಾನ ಮಾಡಿಸುವಾಗ ಬಟ್ಟೆ ಹಾಕುವಾಗ ಹೇಳುವಷ್ಟು ಸಹಜವಾಗಿರಬೇಕು. ಚಡ್ಡಿಯೊಳಗಿನ ಜಾಗ ನಿನ್ನದು. ತೊಳೆಯಲು ಅಮ್ಮ, ಅಪ್ಪ, ಅಜ್ಜಿ, ನೋವಾದಾಗ ಅಮ್ಮನ ಮುಂದೆ ಡಾಕ್ಟರು, ಇಷ್ಟು ಜನರನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಅವರಲ್ಲೂ ಯಾರ ಮುಟ್ಟುವಿಕೆ ಇಷ್ಟವಾಗದಿದ್ದರೂ ಹೇಳು. ಯಾರೂ ಅಲ್ಲಿ ಫೋಟೊ ತೆಗೆಯುವಂತಿಲ್ಲ. ದೊಡ್ಡವರಿಗೆ ಸಹಾಯ ಬೇಕಾದರೆ ದೊಡ್ಡವರನ್ನು ಕೇಳುತ್ತಾರೆ, ಮಕ್ಕಳನ್ನಲ್ಲ. “ಅಮ್ಮನಿಗೆ ಹೇಳಬೇಡ” ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳು. ದೇಹದ ಭಾಗಗಳಿಗೆ ಸರಿಯಾದ ಹೆಸರನ್ನೇ ಕಲಿಸಿದ್ದರೆ ಏನಾದರೂ ಆದಾಗ ಮಗು ಸ್ಪಷ್ಟವಾಗಿ ಹೇಳಬಲ್ಲದು. ಹಿರಿಯರ ಮಾತು ಮೀರಬಾರದು ಎಂದು ಬೆಳೆಸುವ ಮನೆಗಳಲ್ಲಿ ಇನ್ನೊಂದು ಮಾತನ್ನೂ ಬಿಡಿಸಿ ಹೇಳಬೇಕು: ಈ ವಿಷಯದಲ್ಲಿ ಹಿರಿಯರಿಗೂ “ಬೇಡ” ಅನ್ನಬಹುದು, ಕಿರುಚಬಹುದು, ಓಡಬಹುದು, ಅದಕ್ಕೆ ಯಾರೂ ಬೈಯುವುದಿಲ್ಲ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಳ್ಳುವುದು ಶೌಚಾಲಯದ ಬಾಗಿಲಲ್ಲೇ ಹೆಚ್ಚು ಸುಲಭ, ಯಾಕೆಂದರೆ ಒಬ್ಬರು ಒಳಗೆ ಒಬ್ಬರು ಹೊರಗೆ ಆಗುವುದು ಅಲ್ಲಿಯೇ. ದಸರಾ ವಸ್ತುಪ್ರದರ್ಶನಕ್ಕೋ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೋ ಹೋದಾಗ ಮಗುವಿನ ಮುಂಗೈಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯುವುದು, ಅಂದು ತೊಟ್ಟ ಬಟ್ಟೆಯಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ನಿಮಿಷದ ಕೆಲಸ. ತಪ್ಪಿಸಿಕೊಂಡರೆ ಅಲ್ಲಾಡದೆ ನಿಂತುಕೊಂಡು ಅಮ್ಮನ ಹೆಸರು ಹಿಡಿದು ಕೂಗು ಎಂದು ಕಲಿಸಿರಬೇಕು. ಬರಿಯ “ಅಮ್ಮಾ” ಎಂಬ ಕೂಗಿಗೆ ಜಾತ್ರೆಯಲ್ಲಿ ಯಾರೂ ತಿರುಗುವುದಿಲ್ಲ. ಜಾತ್ರೆಯ ಪೊಲೀಸ್ ಹೊರಠಾಣೆಯಲ್ಲಿ ಮೈಕಿನಲ್ಲಿ ಕೂಗಿಸುತ್ತಾರೆ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ರೈಲಿನಲ್ಲಿ 139.

ಮಗು ಬಂದು ಯಾರೋ ಮುಟ್ಟಿದರೆಂದು ಹೇಳಿದರೆ “ನೀನ್ಯಾಕೆ ಅಲ್ಲಿಗೆ ಹೋದೆ?” ಎಂಬ ಪ್ರಶ್ನೆ ಬರಬಾರದು. ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಲ್ಲ ಎಂದು ಹೇಳಿ, ಮಗು ಹೇಳಿದಷ್ಟನ್ನು ಕೇಳಿಸಿಕೊಂಡು ಪೊಲೀಸರಿಗೆ ತಿಳಿಸಬೇಕು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಗಂಡು ಹೆಣ್ಣು ಭೇದವಿಲ್ಲದೆ, ಅನ್ವಯಿಸುತ್ತದೆ. ಇಂಥ ಕೃತ್ಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಆರು ತಿಂಗಳವರೆಗೆ ಜೈಲಾಗಬಹುದು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರಿಗಿಂತ ಕೆಳಗಿನವರಲ್ಲದ ಮಹಿಳಾ ಅಧಿಕಾರಿಯೇ ಅದನ್ನು ಬರೆದುಕೊಳ್ಳಬೇಕು, ಆಗ ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಗುರುತು ಮಾಧ್ಯಮಗಳಲ್ಲಿ ಬರುವಂತಿಲ್ಲ. ಮರ್ಯಾದೆ ಹೋಗುತ್ತದೆಂಬ ಭಯದಿಂದ ಸುಮ್ಮನಾಗುವ ಕುಟುಂಬಗಳಿಗೆ ಈ ರಕ್ಷಣೆಗಳ ಸುದ್ದಿ ತಲುಪಬೇಕು.

ಇಷ್ಟೆಲ್ಲ ಹೊಣೆಯನ್ನು ಹೆತ್ತವರೇ ಹೊರಬೇಕಾಗಿ ಬಂದಿರುವುದು ಕಟ್ಟುವವರು ಮಕ್ಕಳನ್ನು ಮರೆತದ್ದರಿಂದ. ಅಮೆರಿಕದಲ್ಲಿ 2016ರ ಕಾನೂನೊಂದು, ಸಾರ್ವಜನಿಕರು ಬರುವ ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಹಸುಳೆಗಳ ಬಟ್ಟೆ ಬದಲಿಸುವ ಮೇಜು ಗಂಡಸರ ಶೌಚಾಲಯದಲ್ಲೂ ಸಿಗಬೇಕೆಂದಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಮತ್ತು ಮಕ್ಕಳ ಆರೈಕೆಯ ಕೋಣೆಗಳ ಅಗತ್ಯವನ್ನು ಎತ್ತಿಹಿಡಿಯಿತು. ಆ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಇದ್ದರು. ತಾಯಿ ಮಗನೊಂದಿಗೆ, ತಂದೆ ಮಗಳೊಂದಿಗೆ ಹೋಗಬಹುದಾದ ಒಂದು ಒಂಟಿ ಕೋಣೆ ಪ್ರತಿ ಬಸ್ ನಿಲ್ದಾಣದಲ್ಲೂ ಇರಬೇಕು. ಅದಕ್ಕೆ ಹೆಚ್ಚು ಜಾಗ ಬೇಡ. ಅದಕ್ಕೂ ಮೊದಲು ಆಗಬಹುದಾದ ಅಗ್ಗದ ಕೆಲಸಗಳಿವೆ: ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ಬೇಸಿನ್ನಿನ ಮುಂದೊಂದು ಮೆಟ್ಟಿಲು, ಆ್ಯಸಿಡ್ ಬಾಟಲಿಗೆ ಬೀಗವಿರುವ ಕಪಾಟು, ತೊಟ್ಟಿಗೆ ಮುಚ್ಚಳ, ಓಣಿಗೊಂದು ಬಲ್ಬು. ಮುರಿದ ಚಿಲಕವನ್ನೋ ನೆಲದಲ್ಲಿಟ್ಟ ಆ್ಯಸಿಡನ್ನೋ ಕಂಡವರು ನಗರಗಳಲ್ಲಿ ಸ್ವಚ್ಛತಾ ಆ್ಯಪಿನಲ್ಲಿ ಫೋಟೊ ಸಹಿತ ದೂರು ಕೊಡಬಹುದು. ರೈಲು, ರೈಲು ನಿಲ್ದಾಣಗಳಿಗೆ 139 ಇದೆ. ಬಸ್ ನಿಲ್ದಾಣದಲ್ಲಿ ನಿಲ್ದಾಣಾಧಿಕಾರಿಯ ಕೋಣೆಗೆ ಹೋಗಿ ದೂರು ಪುಸ್ತಕ ಕೇಳಬಹುದು.